ಗುಜರಿ ಬಸ್ಸಿನ ಕೀ ಗೊಂಚಲು

ನಮ್ಮಕ್ಕನ ದನಿ ಕೇಳದವರು ನಮ್ಮೂರಲ್ಲಿ ಯಾರೂ ಇಲ್ಲ. ಮುಖ ನೋಡಿದವರು ಮಾತ್ರ ಬೆರಳೆಣಿಕೆಯಷ್ಟು ಜನ. ಬಸ್ ನಿಲ್ದಾಣದಲ್ಲಿ ಅನೌನ್ಸ್ ಮಾಡುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಮಹಡಿಯ ಮೇಲಿನ ಅದೇ ಗಾಜಿನ ಕೋಣೆ, ಅದೇ ಮೈಕು. ಯಾವ ಬಸ್ಸು ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ಅರ್ಧ ಗಂಟೆ ತಡ, ಯಾರ ಪರ್ಸು ಸಿಕ್ಕಿದೆ, ಯಾರ ಅಜ್ಜಿ ವಿಚಾರಣೆ ಕೌಂಟರಿನ ಹತ್ತಿರ ಕಾಯುತ್ತಿದ್ದಾರೆ, ಎಲ್ಲವನ್ನೂ ಅವಳೇ ಹೇಳಬೇಕು. ಅಷ್ಟು ಹೇಳಿದ ಮೇಲೂ ಜನ ಕೌಂಟರಿಗೆ ಬಂದು "ಬಸ್ಸು ಎಷ್ಟೊತ್ತಿಗೆ?" ಎಂದು ಕೇಳುತ್ತಾರೆ. ಅಕ್ಕನಿಗೆ ಅದರ ಬಗ್ಗೆ ಬೇಜಾರಿಲ್ಲ. ನನಗೆ ಮಾತ್ರ ಮೈ ಉರಿಯುತ್ತದೆ.

ನಾನು ಅವಳಿಗಿಂತ ಐದು ವರ್ಷ ಚಿಕ್ಕವಳು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಸಹಾಯಕಿ. ಬಾಯಿ ತೆರೆದು ಮಲಗಿದವರ ಪಕ್ಕದಲ್ಲಿ ನಿಂತು ಎಂಜಲು ಎಳೆಯುವ ಕೊಳವೆ ಹಿಡಿಯುವವಳು. ಅಕ್ಕ ದಿನವಿಡೀ ಮಾತಾಡಿ ಹೊಟ್ಟೆ ಹೊರೆಯುತ್ತಾಳೆ, ನಾನು ದಿನವಿಡೀ ಮಾತಾಡಲಾಗದವರ ಮುಖ ನೋಡಿ ಹೊಟ್ಟೆ ಹೊರೆಯುತ್ತೇನೆ. ಮನೆಗೆ ಬಂದರೆ ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳು ಮತ್ತು ಒಂದು ಟೀವಿ. ಎಲ್ಲರಿಗಿಂತ ಟೀವಿಯದೇ ದೊಡ್ಡ ಬಾಯಿ.

ಅಕ್ಕನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ, ಆದ್ರೆ ನನ್ನನ್ನ ಪಾಪದವಳು ಅಂತ ಮಾಡಬೇಡ" ಎಂದಿದ್ದಾಳೆ. ಸರಿ, ಮಾಡುವುದಿಲ್ಲ.

ಅವಳಿಗೆ ಮದುವೆಯಾಗಿತ್ತು. ಭಾವ ಕೆಟ್ಟವರಲ್ಲ, ಕೈ ಎತ್ತಿದವರಲ್ಲ. ಬಾಯಿ ಮಾತ್ರ ಸಡಿಲ. ಮದುವೆಯಾದ ನಾಲ್ಕನೇ ವರ್ಷ ಅಕ್ಕ ಧೈರ್ಯ ಮಾಡಿ, ಎಷ್ಟೋ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಒಂದು ಆಸೆಯನ್ನು ಅವರಿಗೆ ಹೇಳಿಕೊಂಡಳು. ಇಬ್ಬರೇ ಇರುವಾಗ, ತಾನೇ ಒಪ್ಪಿ, ಸ್ವಲ್ಪ ಹೊತ್ತು ತನ್ನ ಬಾಯಿ ಕಟ್ಟಿಸಿಕೊಂಡು ಇರಬೇಕೆಂಬ ಆಸೆ. ಆಗ ಏನನ್ನೂ ಹೇಳಬೇಕಾಗಿಲ್ಲ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ, ಎದುರಿಗಿರುವವರು ತನ್ನನ್ನು ನೋಡಿಕೊಳ್ಳುತ್ತಾರೆ. ಅಷ್ಟೇ. ಭಾವ ಮೊದಲು ನಕ್ಕರು. ತಿಂಗಳಾದ ಮೇಲೆ, ಮನೆಗೆ ಬಂದಿದ್ದ ಸ್ನೇಹಿತರ ಮುಂದೆ, "ನಮ್ಮವಳಿಗೆ ಬಾಯಿ ಮುಚ್ಚಿಸೋರು ಬೇಕಂತೆ. ನನ್ನ ಕೈಲಾಗಲ್ಲ, ನೀವೇ ಯಾರಾದ್ರೂ ನೋಡ್ರಪ್ಪ" ಎಂದುಬಿಟ್ಟರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರಿಬ್ಬರು ಬೇರೆಯಾದದ್ದು ಮತ್ತೆ ಏಳು ವರ್ಷಕ್ಕೆ, ಬೇರೆ ಕಾರಣಗಳೂ ಇದ್ದವು. ಆದರೆ ನನ್ನನ್ನು ಕೇಳಿದರೆ, ಬೇರೆಯಾದದ್ದು ಆ ಸಂಜೆಯೇ.

ಆಮೇಲೆ ಅಕ್ಕ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಮೂರನೇ ಮಹಡಿಯಲ್ಲಿ ಎರಡು ಕೋಣೆ ಹಿಡಿದಳು. ಮೂರು ಗಂಟೆಗೆ ಪಾಳಿ ಮುಗಿಸಿ ಮೆಟ್ಟಿಲು ಹತ್ತಿ ಬೀಗ ತೆಗೆದರೆ, ಮರುದಿನ ಬೆಳಿಗ್ಗೆ ಆರಕ್ಕೆ ಮೈಕಿನ ಮುಂದೆ ಕೂರುವವರೆಗೂ ಅವಳು ಬಾಯಿ ತೆರೆಯುವುದು ಊಟಕ್ಕೆ ಮತ್ತು ಹಲ್ಲುಜ್ಜುವುದಕ್ಕೆ ಮಾತ್ರ. ಮನೆಯಲ್ಲಿ ಎರಡು ಕುರ್ಚಿ. ಒಂದರ ಮೇಲೆ ಅವಳು, ಇನ್ನೊಂದರ ಮೇಲೆ ಇಸ್ತ್ರಿಯಾಗದ ಬಟ್ಟೆ. ಭಾನುವಾರ ಅವಳಿಗೆ ರಜೆ, ನಾನು ಫೋನ್ ಮಾಡುತ್ತಿದ್ದೆ. ಮೂರು ನಿಮಿಷ. "ಹೇಗಿದೀಯೇ?" "ಚೆನ್ನಾಗಿದೀನಿ ಕಣೇ, ನೀನು?" ಅಷ್ಟರಲ್ಲಿ ನಮ್ಮತ್ತೆ ಕರೆಯುತ್ತಿದ್ದರು. ಹೀಗೆ ಒಂಬತ್ತು ವರ್ಷ ನಡೆಯಿತು ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಒಂದು ಮಧ್ಯಾಹ್ನ, ಕೊನೆಯ ಪೇಷೆಂಟು ಹೋದ ಮೇಲೆ, ಅಕ್ಕ ಕ್ಲಿನಿಕ್ಕಿಗೆ ಬಂದಳು. ರೋಗಿಗಳ ಕುರ್ಚಿಯ ಮೇಲೆ ಕೂತಳು. ನಾನು ಉಪಕರಣ ತೊಳೆಯುತ್ತಿದ್ದೆ.

"ನಿನ್ನಿಂದ ಒಂದು ಉಪಕಾರ ಆಗಬೇಕು."

"ಏನೇ, ಹಲ್ಲು ನೋವಾ?"

"ಅಲ್ಲ. ಹದಿನೈದು ದಿನಕ್ಕೊಂದು ಭಾನುವಾರ ಐದು ಗಂಟೆಗೆ ನಮ್ಮನೆಗೆ ಒಬ್ರು ಬರ್ತಾರೆ. ಏಳು ಗಂಟೆಗೆ ನಾನು ನಿನಗೆ ಫೋನ್ ಮಾಡ್ತೀನಿ. ಏಳೂ ಹತ್ತಾದ್ರೂ ಬರಲಿಲ್ಲ ಅಂದ್ರೆ ನೀನು ಮಾಡು. ನಾನು ಎತ್ತಲಿಲ್ಲ ಅಂದ್ರೆ ಹೊರಟು ಬಾ."

ಆಮೇಲೆ ಎಲ್ಲವನ್ನೂ ಹೇಳಿದಳು. ಇಂಥ ಆಸೆಗಳಿಗೆ ಬಿಡಿಎಸ್ಎಂ ಎಂಬ ಹೆಸರಿದೆಯಂತೆ, ಇಂಥವರದ್ದೇ ಒಂದು ಗುಂಪು ಫೋನಿನಲ್ಲಿದೆಯಂತೆ. ಅಲ್ಲಿ ಎಲ್ಲರೂ ಸುಳ್ಳು ಹೆಸರಿನಲ್ಲಿ ಬರೆಯುತ್ತಾರಂತೆ. ಒಂದು ದಿನ ಯಾರೋ ಹೊಸಬ, ಬಾಯಿಗೆ ಬಟ್ಟೆ ತುರುಕಿ ಟೇಪು ಹಚ್ಚುವ ಮಾತಾಡಿದ್ದಕ್ಕೆ, ಇನ್ನೊಬ್ಬ ಎರಡು ಪುಟ ಬುದ್ಧಿ ಹೇಳಿದ್ದ. ಬಟ್ಟೆ ಗಂಟಲಿಗೆ ಜಾರಿದರೆ ಗತಿ ಏನು, ಟೇಪಿನ ಹಿಂದೆ ವಾಂತಿಯಾದರೆ ಗತಿ ಏನು, ಬಕಲು ಒಂದೇ ಕೈಯಲ್ಲಿ ಬಿಚ್ಚಲು ಬರುತ್ತದಾ ಎಂದು. ಅಕ್ಕನಿಗೆ ಅವನ ಮೇಲೆ ಮನಸ್ಸಾದದ್ದು ಆ ಬಕಲಿನ ಮಾತಿಗೆ. ಏಳು ತಿಂಗಳು ಬರೆದುಕೊಂಡರು. ಕೊನೆಗೆ ಹಾಡಹಗಲು, ಜನ ತುಂಬಿದ ಹೋಟೆಲಿನಲ್ಲಿ ಭೇಟಿಯಾದರು. ನೋಡಿದರೆ ಬಸ್ ಡಿಪೋದಲ್ಲಿ ಸೀಟು ಹೊಲಿಯುವವನು! ಅಕ್ಕನ ಗಾಜಿನ ಕೋಣೆಯ ಕಿಟಕಿಯಿಂದ ಅವನ ಶೆಡ್ಡಿನ ತಗಡು ಕಾಣುತ್ತದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ.

"ನಮಸ್ಕಾರ ಅಂತ ಒಂದೇ ಮಾತಂದೆ ಕಣೇ. 'ಓ, ನೀವಾ ಮೇಡಂ' ಅಂದ್ರು. ಹನ್ನೊಂದು ವರ್ಷದಿಂದ ನನ್ನ ದನಿ ಕೇಳ್ಕೊಂಡೇ ಸೂಜಿ ಚುಚ್ಚಿದಾರಂತೆ."

ನಾನು ನಗಲಿಲ್ಲ. ಸಿಟ್ಟು ನೆತ್ತಿಗೇರಿತ್ತು. "ನಿನಗೆ ತಲೆ ಕೆಟ್ಟಿದೆಯಾ? ಯಾವನೋ ಬಂದು ಬಾಯಿ ಕಟ್ತಾನೆ ಅಂದ್ರೆ ಕಟ್ಟಿಸ್ಕೊಂಡು ಕೂರ್ತೀಯಾ? ಬೇಡ ಅನ್ನಬೇಕು ಅಂದ್ರೆ ಹೇಗಂತೀಯೇ?"

ಅಕ್ಕ ಆ ಕುರ್ಚಿಯಲ್ಲಿ ಒರಗಿ ಎಡಗೈ ಮೇಲೆತ್ತಿದಳು. ನಮ್ಮ ಡಾಕ್ಟರು ಪ್ರತಿ ರೋಗಿಗೂ ಮೊದಲು ಹೇಳುವ ಮಾತೇ ಅದು: ನೋವಾದರೆ ಎಡಗೈ ಎತ್ತಿ, ತಕ್ಷಣ ನಿಲ್ಲಿಸುತ್ತೇನೆ. ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಕೇಳಿದ್ದೇನೆ.

ಆದರೂ ನಾನು ಬಿಡುವವಳಲ್ಲ. ಮನುಷ್ಯನನ್ನು ನೋಡಬೇಕು ಎಂದು ಹಟ ಹಿಡಿದೆ. ಮುಂದಿನ ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದಾಗ ಇಸ್ತ್ರಿಯಾಗದ ಬಟ್ಟೆಗಳು ಕುರ್ಚಿಯಿಂದ ಮಾಯವಾಗಿದ್ದವು. ಅದರ ಮೇಲೆ ಐವತ್ತು ದಾಟಿದ ಒಬ್ಬರು ಕೂತಿದ್ದರು. ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಗಟ್ಟಿಯಾಗಿದ್ದವು, ಕನ್ನಡಕದ ಒಂದು ಕಡ್ಡಿಯನ್ನು ಸೀಟು ಹೊಲಿಯುವ ದಾರದಿಂದ ಕಟ್ಟಿದ್ದರು. ಒಂಟಿ ಮನುಷ್ಯ. ತಾಯಿಯನ್ನು ನೋಡಿಕೊಳ್ಳುತ್ತಾ ಮದುವೆಯ ವಯಸ್ಸು ದಾಟಿತು, ಆಮೇಲೆ ತಾಯಿಯೂ ಹೋದರು. ನನ್ನನ್ನು ಕಂಡು ಎದ್ದು ನಿಂತು, "ತಂಗಿಯವರಾ? ಕೂತ್ಕೊಳ್ಳಿ" ಎಂದರು. ನಮ್ಮಕ್ಕನ ಮನೆಯಲ್ಲಿ ನನಗೇ ಉಪಚಾರ!

ನಾನು ಪೊಲೀಸಿನವಳ ಹಾಗೆ ಪ್ರಶ್ನೆ ಹಾಕಿದೆ. ಅವರು ಸಂಕೋಚಪಡದೆ ಉತ್ತರ ಕೊಟ್ಟರು, ಯಾವುದೋ ಬಸ್ಸಿನ ಸೀಟಿನ ವಿಷಯ ಮಾತಾಡಿದ ಹಾಗೆ.

"ಬಾಯಲ್ಲಿ ಏನಿಡ್ತೀರಿ?"

"ಮೆತ್ತನೆ ರಬ್ಬರಿಂದು, ಅಂಗಡೀಲಿ ತಂದಿದ್ದು. ನಡುವೆ ತೂತುಗಳಿವೆ, ಉಸಿರಾಡೋಕೆ. ಪಟ್ಟಿಗೆ ಸೇರಿಕೊಂಡಿದೆ, ಒಳಗೆ ಜಾರಲ್ಲ. ಪ್ರತಿ ಸಲ ಬಿಸಿನೀರಲ್ಲಿ ತೊಳೀತೀವಿ. ಪಟ್ಟಿ ಮಾತ್ರ ನಾನು ಹೊಲಿದದ್ದು." ಎದ್ದು ತಂದು ತೋರಿಸಿದರು. ಹಿಂದುಗಡೆ ಬಕಲು, ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುವಂಥದ್ದು. ನನ್ನ ಕೈಗೇ ಕೊಟ್ಟು ಎಳೆಯಲು ಹೇಳಿದರು. ಎಳೆದೆ. ಬಿಚ್ಚಿಕೊಂಡಿತು. "ಅದೂ ಕೈ ಕೊಟ್ರೆ ಅಂತ ಕತ್ತರಿ ಪಕ್ಕದಲ್ಲೇ ಇರುತ್ತೆ."

"ಎಂಜಲು ಗಂಟಲಿಗೆ ಇಳಿದ್ರೆ?"

"ಅಂಗಾತ ಮಲಗಿಸೋದೇ ಇಲ್ಲ. ಕೂತಿರ್ತಾರೆ, ಇಲ್ಲ ಮಗ್ಗುಲಾಗಿ ಒರಗಿರ್ತಾರೆ. ಸುರಿದ್ರೆ ಸುರೀಲಿ, ಟವಲ್ ಇದೆ."

"ದವಡೆ ಹಿಡ್ಕೊಂಡ್ರೆ?"

"ಹದಿನೈದು ನಿಮಿಷ. ಆಮೇಲೆ ತೆಗೆದು ನೀರು ಕುಡಿಸ್ತೀನಿ. ಮತ್ತೆ ಬೇಕಾ ಅಂತ ಅವರೇ ಹೇಳಬೇಕು. ನಾನು ಕೋಣೆ ಬಿಟ್ಟು ಕದಲಲ್ಲ. ಬಾಗಿಲು ಬಡಿದ್ರೂ ಬಡ್ಕೊಳ್ಳಿ ಅಂತ ಬಿಡ್ತೀನಿ."

"ನಿಲ್ಲಿಸು ಅಂತ ಹೇಳೋದು ಹೇಗೆ?"

ಆಗ ಅವರು ಜೇಬಿನಿಂದ ಒಂದು ದಪ್ಪ ಕೀ ಗೊಂಚಲು ತೆಗೆದು ಮೇಜಿನ ಮೇಲಿಟ್ಟರು. ಗುಜರಿಗೆ ಹೋದ ಬಸ್ಸುಗಳ ಕೀಗಳು, ಹದಿನಾಲ್ಕು ಇದ್ದವು. ಬಸ್ಸು ಒಡೆಯುವ ಮುಂಚೆ ಸೀಟು ಬಿಚ್ಚಲು ಹೋದಾಗೆಲ್ಲ ಒಂದೊಂದು ಎತ್ತಿಟ್ಟುಕೊಂಡಿದ್ದರಂತೆ. ಇದು ಅಕ್ಕನ ಕೈಯಲ್ಲಿರುತ್ತದೆ. ಬಿಟ್ಟರೆ ಮುಗಿಯಿತು, ಪಟ್ಟಿ ಬಿಚ್ಚಬೇಕು, ಯಾಕೆ ಏನು ಎಂದು ಕೇಳುವ ಹಾಗಿಲ್ಲ. ಸದ್ದು ಜೋರಾಗಿ ಕೇಳಬೇಕೆಂದು ನೆಲದ ಚಾಪೆಯನ್ನೂ ಸುತ್ತಿಟ್ಟಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಶುರು ಮಾಡುವ ಮುಂಚೆ ಅವರು ಅಕ್ಕನ ಮೂಗಿನ ಕೆಳಗೆ ಒಂದು ಚಿಕ್ಕ ಕನ್ನಡಿ ಹಿಡಿಯುತ್ತಿದ್ದರು. ಉಸಿರು ಬಿಟ್ಟರೆ ಎರಡು ಆವಿಯ ಕಲೆ ಮೂಡಬೇಕು, ಎರಡೂ ಸಮವಾಗಿ. ಒಂದು ಚಿಕ್ಕದಾಗಿದ್ದರೂ ಅವತ್ತು ಪಟ್ಟಿ ಇಲ್ಲ. "ತೂತಿದ್ರೂ ಎಂಜಲು ತುಂಬ್ಕೊಳ್ಳುತ್ತೆ, ಬಾಯಿ ಮುಚ್ಚಿದ ಮೇಲೆ ಉಸಿರಿಗೆ ಮೂಗೇ ಗತಿ ಅಲ್ವಾ" ಎಂದರು. ಈ ಮಾತು ನನಗೆ ಹೇಳಬೇಕಾ? ನೆಗಡಿಯಾದ ರೋಗಿಗಳು ಬಾಯಲ್ಲಿ ಹತ್ತಿ ಇಟ್ಟ ಕೂಡಲೇ ಗಾಬರಿಯಾಗಿ ಕುರ್ಚಿಯಿಂದ ಏಳುವುದನ್ನು ಎಷ್ಟು ಸಲ ನೋಡಿಲ್ಲ.

ಕೊನೆಗೆ ಕೇಳಿದೆ, "ಇದರಿಂದ ನಿಮಗೇನು ಸಿಗುತ್ತೆ?"

ಅವರು ಪಟ್ಟಿಯನ್ನು ಮಡಿಸಿ ಮೇಜಿನ ಮೇಲಿಟ್ಟರು. "ಒಬ್ರು ಅಷ್ಟು ನಂಬಿ ಎದುರಿಗೆ ಕೂತಿದ್ರೆ, ನನಗೆ ಬೇರೆ ಏನೂ ನೆನಪಾಗಲ್ಲ. ಅವರ ಉಸಿರು ನೋಡ್ತಾ ಇರ್ತೀನಿ. ಮನೇಲಿ ನನಗೆ ನೋಡೋಕೆ ಯಾರಿದಾರೆ?" ಎಂದರು.

ಬೈಯಬೇಕೆಂದು ಹೋದವಳು ಟೀ ಕುಡಿದು ಬಂದೆ.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಏಳು ಗಂಟೆಗೆ ನನ್ನ ಫೋನ್ ಬಡಿಯುತ್ತಿತ್ತು. "ಚೆನ್ನಾಗಿದೀನಿ ಕಣೇ." ಅದೇ ಮಾತು, ಆದರೆ ದನಿ ಬೇರೆ. ಪಟ್ಟಿ ಕಟ್ಟಿಕೊಂಡು ಕೂತಾಗ ಅವಳಿಗೆ ಯಾವಾಗಲೂ ಅಳು ಬರುತ್ತಿತ್ತಂತೆ, ದುಃಖಕ್ಕಲ್ಲ. "ಇಡೀ ದಿನ ಊರಿಗೆಲ್ಲ ಕೂಗಿ ಹೇಳ್ತೀನಿ, ಯಾರೂ ಕೇಳಲ್ಲ. ಅಲ್ಲಿ ನನ್ನ ಕಿರುಬೆರಳು ಅಲ್ಲಾಡಿದ್ರೂ ಅವರು ನೋಡ್ತಾರೆ" ಎಂದಳು ಒಮ್ಮೆ. ಇಬ್ಬರೂ ಒಬ್ಬರನ್ನೊಬ್ಬರು 'ನೀವು' ಎಂದೇ ಕರೆಯುತ್ತಿದ್ದರು. ನಾನು ರೇಗಿಸುತ್ತಿದ್ದೆ, "ಭಾನುವಾರ ಬಿಟ್ಟು ಬೇರೆ ದಿನ ಬನ್ನಿ ಅನ್ನೇ, ಊಟಕ್ಕೆ ಕರಿಯೇ." ಅಕ್ಕ ತಲೆಯಾಡಿಸುತ್ತಿದ್ದಳು. "ಪಟ್ಟಿ ಇಲ್ಲದಿದ್ರೆ ಅವರು ಯಾಕೆ ಬರ್ತಾರೆ? ಸುಮ್ನೆ ಕೂತು ನನ್ನ ಮುಖ ನೋಡೋಕಾ?"

ಅವಳು ತಮಾಷೆಗೆ ಅಂದಳು ಎಂದುಕೊಂಡೆ. ತಮಾಷೆಯಲ್ಲ, ಅವಳು ನಿಜವಾಗಿಯೂ ಹಾಗೇ ನಂಬಿದ್ದಳು. ಪಟ್ಟಿ ನಿಂತರೆ ಮನುಷ್ಯನೂ ನಿಲ್ಲುತ್ತಾನೆ, ಎರಡನೇ ಕುರ್ಚಿಯ ಮೇಲೆ ಮತ್ತೆ ಬಟ್ಟೆ ಬೀಳುತ್ತದೆ ಎಂಬುದೊಂದೇ ಅವಳ ಭಯ. ಆ ಭಯವೇ ಎಡವಟ್ಟು ಮಾಡಿಸಿತು.

ಚಳಿಗಾಲ ಶುರುವಾದ ಹೊಸದು. ಒಂದು ಭಾನುವಾರ ಸೀಟಿನವರಿಗೆ ಬೇರೆ ಊರಿನ ಡಿಪೋದಲ್ಲಿ ಕೆಲಸ ಬಿದ್ದು ಬಂದಿರಲಿಲ್ಲ. ಹೀಗಾಗಿ ಒಂದು ತಿಂಗಳ ಅಂತರವಾಗಿತ್ತು. ಅವರು ಮತ್ತೆ ಬರಬೇಕಿದ್ದ ಭಾನುವಾರಕ್ಕೆ ಮೂರು ದಿನ ಇರುವಾಗ ಅಕ್ಕನಿಗೆ ನೆಗಡಿ ಹಿಡಿಯಿತು. ಅವಳು ಏನು ಮಾಡಿದಳು ಗೊತ್ತೇ? ಮೈಕನ್ನು ಮುಚ್ಚಿಟ್ಟಳು. ಅವಳ ರಜೆಗೆಂದು ಕಂಪ್ಯೂಟರಿನಲ್ಲಿ ಅವಳದೇ ಹಳೆಯ ದನಿ ತುಂಬಿಸಿಟ್ಟಿದ್ದರು, ಮೂರು ದಿನ ಅದನ್ನೇ ಒತ್ತಿದಳು. ಹಿಂದಿನ ಶೆಡ್ಡಿಗೆ ತನ್ನ ಕಟ್ಟಿದ ಮೂಗು ಕೇಳಿಸಬಾರದೆಂದು!

ಆ ಭಾನುವಾರ ಬೆಳಿಗ್ಗೆ ನನಗೂ ಫೋನ್ ಮಾಡಿದ್ದಳು. "ನೆಗಡಿನಾ?" ಎಂದು ಕೇಳಿದೆ. "ಇಲ್ಲ ಕಣೇ, ಈಗ ತಾನೇ ಎದ್ದೆ" ಎಂದಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ನಾನು ಸರಿ ಎಂದೆ. ಕಟ್ಟಿದ ಮೂಗು ಮತ್ತು ನಿದ್ದೆಗಣ್ಣಿನ ದನಿಯ ವ್ಯತ್ಯಾಸ ನನಗೆ ಗೊತ್ತಾಗುವುದಿಲ್ಲವೇ? ಗೊತ್ತಾಗಿತ್ತು. ಸರಿ ಎಂದೆ.

ಮಧ್ಯಾಹ್ನ ಅಕ್ಕ ಬಿಸಿನೀರಿನ ಆವಿ ಹಿಡಿದಳು, ಮೂಗಿಗೆ ಔಷಧಿ ಬಿಟ್ಟುಕೊಂಡಳು. ಐದು ಗಂಟೆಗೆ ಕನ್ನಡಿಯ ಮೇಲೆ ಎರಡು ಕಲೆಗಳು ಸರಿಯಾಗಿ ಮೂಡಿದವು. "ಮೂರು ದಿನದಿಂದ ನಿಮ್ಮ ಹಳೇ ಟೇಪೇ ಬರ್ತಿತ್ತು, ಹುಷಾರಿಲ್ವಾ?" ಎಂದು ಅವರು ಕೇಳಿದರಂತೆ. "ಮೈಕ್ ಕೆಟ್ಟಿತ್ತು" ಎಂದಳಂತೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಊರುಗೋಲು.

ಪಟ್ಟಿ ಕಟ್ಟಿದರು. ಅಕ್ಕ ಮಗ್ಗುಲಾಗಿ ಒರಗಿದಳು, ಕೀ ಗೊಂಚಲು ಕೈಯಲ್ಲಿ. ಎಂದಿನಂತೆ ಅಳು ಬಂತು. ಅತ್ತರೆ ನೆಗಡಿಯಿಲ್ಲದವರ ಮೂಗೂ ಕಟ್ಟುತ್ತದೆ. ಮೊದಲು ಕೆಳಗಿನ ಹೊಳ್ಳೆ ಕಟ್ಟಿತು, ಆಮೇಲೆ ಮೇಲಿನದು. ತೂತುಗಳ ಮೂಲಕ ಎಳೆದುಕೊಂಡಳು, ಎಂಜಲು ತುಂಬಿ ಅದೂ ಸಾಲಲಿಲ್ಲ. ಕೈ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ಬಿಟ್ಟರೆ ನೆಗಡಿ ಗೊತ್ತಾಗುತ್ತದೆ, ಗೊತ್ತಾದರೆ ಮುಂದೆ ಬರುವುದಿಲ್ಲ, ಇನ್ನೊಂದು ನಿಮಿಷ ತಡೆದರೆ ಆಯಿತು ಎಂದುಕೊಂಡಳಂತೆ. ನಲವತ್ತಾರು ವರ್ಷದ ಹೆಂಗಸು, ಕೀ ಗೊಂಚಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

ಸೀಟಿನವರು ಆ ಬಿಗಿಹಿಡಿತವನ್ನೇ ಕಂಡರು. ಗೆಣ್ಣುಗಳು ಬಿಳುಚಿದ್ದವು, ಕತ್ತಿನ ಹಳ್ಳ ಒಳಕ್ಕೆ ಹೋಗುತ್ತಿತ್ತು. ಒಂದೇ ಎಳೆತಕ್ಕೆ ಪಟ್ಟಿ ಬಿಚ್ಚಿ, ಅವಳನ್ನು ಎತ್ತಿ ಕೂರಿಸಿ, ಮುಂದಕ್ಕೆ ಬಗ್ಗಿಸಿದರು. ಅಕ್ಕ ಕೆಮ್ಮಿದಳು, ಉಸಿರು ಎಳೆದಳು, ಮತ್ತೆ ಕೆಮ್ಮಿದಳು. ಕೀ ಇನ್ನೂ ಕೈಯಲ್ಲೇ ಇತ್ತು.

ಅವರು ನೀರು ಕುಡಿಸಿದರು, ಬೆನ್ನ ಮೇಲೆ ಶಾಲು ಹೊದಿಸಿದರು, ಆರೂವರೆಯವರೆಗೂ ಪಕ್ಕದಲ್ಲೇ ಕೂತರು. ಅವಳ ಮುಖಕ್ಕೆ ಬಣ್ಣ ಮರಳಿ ಮೈ ಬಿಸಿಯಾದ ಮೇಲೆ ಕೇಳಿದರು, "ಯಾಕೆ ಬಿಡಲಿಲ್ಲ?"

ಅಕ್ಕ ಶಾಲಿನ ತುದಿಯಿಂದ ಮುಖ ಒರೆಸಿಕೊಂಡಳು.

"ಬಾಯಿ ಸುಳ್ಳು ಹೇಳುತ್ತೆ, ಎಲ್ಲರ ಬಾಯೂ ಹೇಳುತ್ತೆ. ಈ ಕೈ ಹೇಳಬಾರದಿತ್ತು. ಕೈ ಸುಳ್ಳು ಹೇಳಿದ ಮೇಲೆ ನಾನು ಇನ್ನೇನನ್ನ ನಂಬ್ಲಿ?" ಎಂದು ಎದ್ದರು. "ನಾನೂ ತಪ್ಪು ಮಾಡಿದೆ. ಟೇಪು ಕೇಳಿದಾಗಲೇ ಅನುಮಾನ ಬಂದಿತ್ತು. ಸ್ವಲ್ಪ ದಿನ ಬೇಡ ಮೇಡಂ. ಸಿಟ್ಟಿಗಲ್ಲ, ನನಗೆ ಭಯ ಆಯ್ತು." ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡರು. ಕೀ ಗೊಂಚಲು ಮೇಜಿನ ಮೇಲೇ ಉಳಿಯಿತು. "ಅದು ನಿಮ್ದು" ಎಂದರು.

ಏಳಾಯಿತು, ಏಳೂ ಹತ್ತಾಯಿತು. ಫೋನ್ ಬರಲಿಲ್ಲ. ನಾನು ಮಾಡಿದೆ, ಎತ್ತಲಿಲ್ಲ. ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದೆ, ಆಗ ಬಂತು. ದನಿಯೇ ಇರಲಿಲ್ಲ. ನಾನು ಆಟೋ ಹಿಡಿದು ಓಡಿದೆ. ಎಲ್ಲ ಕೇಳಿ ಬಾಯಿಗೆ ಬಂದ ಹಾಗೆ ಬೈದೆ, "ಸತ್ತು ಹೋಗ್ತಿದ್ಯಲ್ಲೇ, ನಿನಗೇನು ಬಂದಿತ್ತು ದೊಡ್ಡರೋಗ!" ಅಕ್ಕ ಗೋಡೆ ನೋಡುತ್ತಾ ಹೇಳಿದಳು, "ಹದಿನೈದು ದಿನಕ್ಕೊಂದ್ಸಲ ನನ್ನ ಮನೆಗೆ ಒಬ್ರು ಬರ್ತಾರೆ ಕಣೇ. ಒಬ್ರೇ." ಆ ಒಬ್ಬರು ನಾನಾಗಿರಲಿಲ್ಲ.

ಆಮೇಲಿನ ನಾಲ್ಕು ತಿಂಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎರಡನೇ ಕುರ್ಚಿಯ ಮೇಲೆ ಮೊದಲು ಒಂದು ಟವಲ್ ಬಂತು, ಆಮೇಲೆ ಎರಡು ಸೀರೆ, ಆಮೇಲೆ ರಾಶಿ. ಚಾಪೆ ಸುತ್ತಿದ ಹಾಗೇ ಮೂಲೆಯಲ್ಲಿ ನಿಂತಿತ್ತು, ಅವಳು ಹಾಸಲಿಲ್ಲ. ಅವರ ಶೆಡ್ಡಿನ ಹೊಲಿಗೆ ಮಿಷನ್ನಿನ ಸದ್ದು ಗಾಜಿನ ಕೋಣೆಗೆ ಕೇಳುತ್ತಿತ್ತು, ಅವಳ ದನಿ ಶೆಡ್ಡಿಗೆ ಕೇಳುತ್ತಿತ್ತು. ನಡುವೆ ಒಂದು ಕಾಂಪೌಂಡು ಗೋಡೆ. ಅಕ್ಕ ಟೇಪು ಒತ್ತುವುದನ್ನು ನಿಲ್ಲಿಸಿದಳು. ಗಂಟಲು ಕಟ್ಟಿದ ದಿನ ಕಟ್ಟಿದ ಗಂಟಲಿನಲ್ಲೇ ಕೂಗಿದಳು, ಕೆಮ್ಮು ಬಂದರೆ ಮೈಕಿನಲ್ಲೇ ಕೆಮ್ಮಿದಳು. ಮೇಲಿನವರು ಕರೆದು ಎಚ್ಚರಿಕೆ ಕೊಟ್ಟರು. "ಕೇಳಿಸ್ಲಿ ಅಂತ" ಎಂದಳು ನನ್ನ ಹತ್ತಿರ. ಏಳು ಗಂಟೆಯ ಫೋನ್ ಮಾತ್ರ ನಿಲ್ಲಲಿಲ್ಲ. ಹೇಳಲು ಏನೂ ಇಲ್ಲದಿದ್ದರೂ ಭಾನುವಾರ ಏಳಕ್ಕೆ ಮಾಡುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದೆ. ಮೂರು ನಿಮಿಷ ಹೋಗಿ ಇಪ್ಪತ್ತು ನಿಮಿಷವಾಯಿತು.

ಕಳೆದ ತಿಂಗಳು ಒಂದು ಭಾನುವಾರ ಅಕ್ಕನಿಗೆ ಜ್ವರ ಎಂದು ತಿಳಿದು ಮಧ್ಯಾಹ್ನ ಹೋದೆ. ಮೂಗು ಪೂರ್ತಿ ಕಟ್ಟಿತ್ತು, ಕಣ್ಣು ಕೆಂಪಗಿದ್ದವು. ಬ್ರೆಡ್ಡು ಕಾಯಿಸಿ ಕೊಟ್ಟೆ, ಮಾತ್ರೆ ಕೊಟ್ಟೆ.

"ಅವರಿಗೆ ಹೇಳೇ" ಎಂದೆ.

"ಏನಂತ?"

"ಮೂಗು ಕಟ್ಟಿದೆ ಅಂತ. ಅವತ್ತು ಹೇಳದೇ ಇದ್ದದ್ದನ್ನ ಇವತ್ತು ಹೇಳು."

ಫೋನ್ ಎತ್ತಿಕೊಂಡಳು. ಒತ್ತಿದಳು. ಸ್ಪೀಕರ್ ಹಾಕಿ ನೆಲದ ಮೇಲಿಟ್ಟಳು. "ಹಲೋ" ಎಂದರು ಅವರು. "ಹಲೋ? ಮೇಡಂ?"

ಅಕ್ಕ ಬಾಯಿ ತೆರೆದಳು. ಹತ್ತೊಂಬತ್ತು ವರ್ಷ ಊರಿಗೆಲ್ಲ ಸಾರಿ ಹೇಳಿದ ಬಾಯಿ, ಒಂದಕ್ಷರ ಹೊರಡಲಿಲ್ಲ. ನಾನು ಕೈಸನ್ನೆ ಮಾಡಿದೆ, ಹೇಳೇ, ಹೇಳೇ. ಅವಳು ನನ್ನ ಮುಖ ನೋಡಿದಳು, ಮೇಜು ನೋಡಿದಳು. ಆಮೇಲೆ ಕೈ ಚಾಚಿ ಕೀ ಗೊಂಚಲು ಎತ್ತಿಕೊಂಡು, ಫೋನಿನ ಪಕ್ಕದಲ್ಲೇ ಬರಿ ನೆಲದ ಮೇಲೆ ಬಿಟ್ಟಳು.

ಹದಿನಾಲ್ಕು ಕೀಗಳ ಸದ್ದು ಎಷ್ಟಿರುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು.

ಅತ್ತ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ, "ಹತ್ತು ನಿಮಿಷ" ಎಂದರು.

ಎಂಟೇ ನಿಮಿಷಕ್ಕೆ ಬಂದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಹೆಗಲಲ್ಲಿ ಚೀಲವಿರಲಿಲ್ಲ, ಕೈ ಖಾಲಿ. ಅಕ್ಕನ ಕಣ್ಣು ಮೊದಲು ಹೋದದ್ದು ಆ ಖಾಲಿ ಕೈಗಳ ಮೇಲೆ. ಅವರು ಯಾಕೆ ಏನು ಎಂದು ಕೇಳಲಿಲ್ಲ. ಕುರ್ಚಿಯ ಮೇಲಿನ ಬಟ್ಟೆ ರಾಶಿಯನ್ನು ಎತ್ತಿ ಮಂಚದ ಮೇಲಿಟ್ಟು ಕೂತರು.

"ಎರಡೂ ಹೊಳ್ಳೆನಾ?"

"ಎರಡೂ" ಎಂದಳು ಅಕ್ಕ, ಮೂಗಿನಲ್ಲಿ.

"ಸರಿ. ಬಾಯಲ್ಲಿ ಉಸಿರಾಡಿ" ಎಂದರು.

ನಾನು ಚಪ್ಪಲಿ ಮೆಟ್ಟಿ ಹೊರಟೆ. ನನ್ನನ್ನು ಇರು ಎಂದು ಇಬ್ಬರೂ ಹೇಳಲಿಲ್ಲ. ನಿಲ್ದಾಣದಲ್ಲಿ ಬಸ್ಸಿಗೆ ಕಾಯುವಾಗ ಸ್ಪೀಕರಿನಲ್ಲಿ ಅಕ್ಕನ ದನಿ ಬಂತು, ರಜೆಯ ಟೇಪು. ಯಾವ ನೆಗಡಿಯೂ ಇಲ್ಲದ ದನಿ. ನನಗೆ ಅದು ಯಾರದೋ ಅನ್ನಿಸಿತು.

ಏಳು ಗಂಟೆಗೆ ಸರಿಯಾಗಿ ಫೋನ್ ಬಂತು. ನಾನು ಅಡುಗೆಮನೆಯಲ್ಲಿದ್ದೆ.

"ಚೆನ್ನಾಗಿದೀನಿ ಕಣೇ."

"ಹೋದ್ರಾ?"

"ಇಲ್ಲ. ಇಲ್ಲೇ ಇದಾರೆ."

"ಏನ್ ಮಾಡಿದ್ರಿ ಇಷ್ಟೊತ್ತು?"

"ಏನಿಲ್ಲ. ಕೂತಿದ್ವಿ" ಎಂದಳು. ಹಿಂದಿನಿಂದ ಲೋಟದ ಸದ್ದು ಕೇಳಿಸಿತು.

ಫೋನ್ ಇಟ್ಟೆ. ಗೋಡೆಯ ಮೊಳೆಯಲ್ಲಿ ನಮ್ಮ ಮನೆಯ ಬೀಗದ ಕೈಗಳ ಗೊಂಚಲು ನೇತಾಡುತ್ತಿತ್ತು. ಯಾಕೆ ಹಾಗೆ ಮಾಡಿದೆನೋ, ತೆಗೆದು ಕೈಯಲ್ಲಿ ಹಿಡಿದು, ನೆಲಕ್ಕೆ ಬಿಟ್ಟೆ.

ಹಾಲಿನಿಂದ ನಮ್ಮ ಮನೆಯವರು ಕೂಗಿದರು, "ಏನೇ ಅದು ಸದ್ದು?"

"ಬೀಗದ ಕೈ" ಎಂದೆ.

"ಸರಿ" ಎಂದರು. ಟೀವಿಯ ದನಿ ಸ್ವಲ್ಪ ಜೋರು ಮಾಡಿಕೊಂಡರು.